ಬಾಯಲ್ಲಿ ಎಲೆಅಡಿಕೆ, ನನ್ನ ಕೈಯಲ್ಲಿ ಹಾಳೆ

ಸವಳಂಗದಲ್ಲಿ ಅರ್ಜಿ ತುಂಬಿಕೊಡುವ ಕಂಪ್ಯೂಟರ್ ಅಂಗಡಿ ಇಟ್ಟಿದ್ದವರು ಮಹಾ ಮಾತುಗಾರರು. ನೆಟ್ ಹೋದಾಗ ಯಾರು ಬೇಕಾದರೂ ಸರಿಮಾಡಿಕೊಳ್ಳುವಂತೆ ಒಂದೊಂದೇ ಹೆಜ್ಜೆ ಬಿಡಿಸಿ ಹಾಳೆಯಲ್ಲಿ ಬರೆಯುವುದು ಅವರ ಹುಚ್ಚು. ಅದನ್ನು ಬಂದವರ ಕೈಗೆ ಕೊಟ್ಟು, "ನಾನಿಲ್ಲಿಲ್ಲ ಅಂದ್ಕೊಂಡು ಮಾಡ್ರಿ" ಎನ್ನುತ್ತಿದ್ದರು. ನಡುವೆ ತಾವೇ ಹೇಳಿಕೊಟ್ಟುಬಿಡಬಾರದೆಂದು ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡು ಕೂರುತ್ತಿದ್ದರು. ಬಂದವರು ಎಲ್ಲಿ ತಡವರಿಸಿದರೋ ಆ ಸಾಲನ್ನು ತಿದ್ದುತ್ತಿದ್ದರು; ನನ್ನ ದಿನಚರಿಯ ಪ್ರಕಾರ ನಾನು ಅರ್ಜಿ ಹಾಕಿದ ವರ್ಷ ಏಳು ಸಲ ಹಾಳೆ ಬದಲಾಯಿತು.

ನನ್ನ ನರ್ಸಿಂಗ್ ಕೋರ್ಸಿನ ಅರ್ಜಿಗೆ ಒಂದು ಬುಧವಾರ ಸಂಜೆ ಐದು ಗಂಟೆಯೇ ಕೊನೆ. ಅವರ ಅಂಗಡಿಯಲ್ಲಿ ಕೂತಿದ್ದಾಗ ನಾಲ್ಕೂವರೆಗೆ ನೆಟ್ ಹೋಯಿತು. ಅವರು ನನಗೆ ಹಾಳೆ ಕೊಟ್ಟು ಎಲೆಗೆ ಸುಣ್ಣ ಹಚ್ಚತೊಡಗಿದರು.

"ಅಣ್ಣಾ, ಇವತ್ತೊಂದಿನ ನೀವೇ ಮಾಡ್ರಿ!"

"ನಾನಿಲ್ಲಿಲ್ಲ ಅಂದ್ಕೋ ತಂಗಿ" ಎಂದು ಎಲೆಅಡಿಕೆ ಬಾಯಿಗೆ ತುಂಬಿಕೊಂಡರು.

ರೂಟರಿನ ಪಿನ್ ಕಿತ್ತೆ, ಕಾದೆ, ಮತ್ತೆ ಸಿಕ್ಕಿಸಿದೆ. ಐದನೆಯ ಸಾಲಿನಲ್ಲಿ, "ದೀಪ ಕೆಂಪಾಗಿಯೇ ಇದ್ದರೆ ಹಳದಿ ವೈರನ್ನು ಟಕ್ ಎನ್ನುವವರೆಗೆ ಒತ್ತಿ" ಎಂದಿತ್ತು. ಇದ್ದದ್ದು ನಾಲ್ಕು ದೀಪ. ಎರಡು ಹಸಿರು, ಎರಡು ಕೆಂಪು.

"ಯಾವ ದೀಪ ಅಣ್ಣಾ?"

ಅವರ ಕಣ್ಣರಳಿತು, ಬೆರಳು ರೂಟರಿನ ಕಡೆ ಎದ್ದಿತು, ಹಾಗೇ ಇಳಿಯಿತು. ಎದ್ದು ಬಂದು ಹಾಳೆ ಕಸಿದುಕೊಂಡು, "ಮೇಲಿನಿಂದ ಎರಡನೆಯ" ಎಂದು ಸೇರಿಸಿ ನನಗೇ ಹಿಂತಿರುಗಿಸಿದರು. ನೋಡಿದೆ, ಎರಡನೆಯದು ಕೆಂಪಗೇ ಇತ್ತು. ವೈರನ್ನು ಒತ್ತಿದೆ. ದೀಪ ಹಸಿರಾಯಿತು, ನೆಟ್ ಬಂತು. ಐದಕ್ಕೆ ಆರು ನಿಮಿಷವಿದ್ದಾಗ ಅರ್ಜಿ ಹೋಯಿತು.

"ಹೋತು ಅಣ್ಣಾ!" ಎಂದು ಕೂಗಿದೆ.

ಅವರು ಓಡಿಹೋಗಿ ಉಗುಳಿ ಬಂದರು.

"ಅರ್ಜಿ ಬಿಡು ತಂಗಿ, ಐದನೇ ಸಾಲು ಈಗ ತಿಳಿಯಂಗೈತಾ?"