ನಂಜಪ್ಪ ದೊಡ್ಡಪ್ಪನ ಬೆನ್ನು

ಮಾರ್ಚ್ ಒಂಬತ್ತು, ಭಾನುವಾರ. ಬರೆಯಲು ಶುರುಮಾಡಿದ್ದು ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ, ತಿ. ನರಸೀಪುರದ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ, ಇಡ್ಲಿ ಮುಗಿದ ಮೇಲೆ, ಕಾಫಿ ಬರುವ ಮೊದಲು.

ಗೋಡೆಯ ಟಿ.ವಿ.ಯಲ್ಲಿ ಹಳೆಯ ಧಾರಾವಾಹಿಯೊಂದು ಮರುಪ್ರಸಾರವಾಗುತ್ತಿತ್ತು. ಮಣ್ಣಿನ ಅಂಗಳದಲ್ಲಿ ಮನೆಯ ಯಜಮಾನರ ಹೆಣ ಮಲಗಿದೆ. ಸುತ್ತಲೂ ಸೊಸೆಯಂದಿರು ಮದುವೆಗೆ ಹೊರಟವರ ಹಾಗೆ ಸೀರೆ ಉಟ್ಟು ಅಳುತ್ತಿದ್ದಾರೆ. ನನ್ನ ಎದುರು ಕೂತಿದ್ದವರು ಚಟ್ನಿಯ ಕೈಯಲ್ಲೇ ತೋರಿಸಿ, “ನೋಡಿ ಸಾ, ಎಣ ನಗ್ತಾ ಅದೆ” ಎಂದರು.

ನಿಜ, ನಗುತ್ತಿತ್ತು. ಯಾಕೆಂದು ನನಗೆ ಗೊತ್ತು. ಆ ಹೆಣ ನನ್ನ ದೊಡ್ಡಪ್ಪ. ಗಾಬರಿಯಾಗಬೇಡಿ, ಅವರು ನಂಜನಗೂಡಿನಲ್ಲಿ ಈಗಲೂ ಎರಡು ಹೊತ್ತು ಮುದ್ದೆ ಉಂಡುಕೊಂಡು ಚೆನ್ನಾಗಿದ್ದಾರೆ.

ನಂಜಪ್ಪ ದೊಡ್ಡಪ್ಪ ಪ್ರಾಯದಲ್ಲಿ ಪೈಲ್ವಾನರು. ಕುಸ್ತಿ ನೋಡದವರಿಗಾಗಿ ಒಂದು ಮಾತು ಹೇಳಬೇಕು. ಎದುರಾಳಿ ನಿಮ್ಮನ್ನು ಎಳೆದಾಡಲಿ, ಮುಖವನ್ನು ಮಣ್ಣಿಗೆ ಉಜ್ಜಲಿ, ಅದು ಸೋಲಲ್ಲ. ಎರಡೂ ಭುಜ ಮಣ್ಣಿಗೆ ತಾಗುವಂತೆ ಅಂಗಾತ ಬಿದ್ದರೆ ಮಾತ್ರ ಸೋಲು. ದೊಡ್ಡಪ್ಪನ ಬೆನ್ನಿಗೆ ಅಖಾಡದ ಮಣ್ಣು ಯಾವತ್ತೂ ತಾಗಿಲ್ಲ. ಅವರ ಬಳಿ ಬೇರೆ ಆಸ್ತಿ ಇಲ್ಲ. ಈ ಬೆನ್ನು ಒಂದೇ.

ಇಂಥ ಬೆನ್ನನ್ನು ಅವರು ಸಿನಿಮಾಕ್ಕೆ ಒಯ್ದರು. ಗರಡಿಗೆ ಬಂದ ಸಿನಿಮಾದವರಿಗೆ ದಪ್ಪ ಮೀಸೆ ಬೇಕಿತ್ತು, ಮೀಸೆಯ ಹಿಂದೆ ದೊಡ್ಡಪ್ಪ ಇದ್ದರು. ಖಳನಾಯಕನ ಹಿಂದೆ ನಿಲ್ಲುವುದು, ಗುರಾಯಿಸುವುದು, ಆಮೇಲೆ ನಾಯಕನಿಂದ ಒದೆ ತಿನ್ನುವುದು, ಇಷ್ಟೇ ಕೆಲಸ. ಮೊದಲೆರಡು ಚೆನ್ನಾಗಿ ಮಾಡುತ್ತಿದ್ದರು. ಒದೆ ತಿಂದ ಮೇಲೆ ತೊಂದರೆ. ಪಿಯುಸಿಯಲ್ಲಿ ಓದಬೇಕಾದ ಹೊತ್ತಿನಲ್ಲಿ ನಾನು ಅವರ ಸಿನಿಮಾಗಳನ್ನೆಲ್ಲ ನೋಡಿ, ಅವರು ಬಿದ್ದ ಬಗೆಗಳನ್ನು ಗೆರೆ ಎಳೆದು ಲೆಕ್ಕ ಹಾಕಿದ್ದೇನೆ. ಬೋರಲು ಬಿದ್ದದ್ದೇ ಹೆಚ್ಚು. ಮಗ್ಗುಲಾಗಿ ಬಿದ್ದದ್ದು ಅದರ ಅರ್ಧ. ಒಮ್ಮೆ ಹುಲ್ಲಿನ ಗಾಡಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇ ಬಿದ್ದರು. ಅಂಗಾತ ಬಿದ್ದದ್ದು ಎಲ್ಲೂ ಇಲ್ಲ.

“ಎದೆಗೆ ಒದ್ರೆ ಬೋರಲು ಹೆಂಗ್ರೀ ಬೀಳ್ತೀರಿ?” ಎಂದು ಸಾಹಸ ನಿರ್ದೇಶಕರು ಬಯ್ಯುತ್ತಿದ್ದರಂತೆ.

“ನನ್ ಎದೆ ಅಂಗೇ ಸಾ.”

ಈ ಹಟಕ್ಕೆ ಕಾರಣ ಮೂಗೂರಿನ ಬಸಪ್ಪ. ಪ್ರಾಯದಲ್ಲಿ ಇಬ್ಬರೂ ಒಮ್ಮೆ ಕುಸ್ತಿ ಹಿಡಿದಿದ್ದರು. ಸೋಲು ಗೆಲುವು ತಿಳಿಯುವ ಮೊದಲೇ ಕತ್ತಲಾಗಿ, ಹಿರಿಯರು ಸಮ ಎಂದು ಬಿಡಿಸಿಬಿಟ್ಟರು. “ಇನ್ನೊಂದ್ ಗಳಿಗೆ ಬೆಳಕಿದ್ದಿದ್ರೆ ನಿನ್ ಬೆನ್ಗೆ ಮಣ್ಣು ತಾಗಿಸ್ಬುಡ್ತಿದ್ದೆ ಕಣ್ಲಾ” ಎನ್ನುವುದು ಬಸಪ್ಪನ ಅಂದಿನಿಂದ ಇಂದಿನವರೆಗಿನ ಮಾತು. ಮತ್ತೆ ಅವರಿಬ್ಬರ ಕುಸ್ತಿ ಕೂಡಿಬರಲೇ ಇಲ್ಲ. ಬಸಪ್ಪನಿಗೆ ಉಳಿದದ್ದು ಸಿನಿಮಾ. ದೊಡ್ಡಪ್ಪನ ಒಂದೊಂದು ಸಿನಿಮಾಕ್ಕೂ ಮೊದಲ ದಿನವೇ ಹೋಗಿ, ಬೆನ್ನು ನೆಲಕ್ಕೆ ತಾಗುತ್ತದೆಯೇ ಎಂದು ಕಾದು, ತಾಗದೆ, ಮಾರನೆಯ ದಿನ ಬಸ್ ಹತ್ತಿ ನಂಜನಗೂಡಿಗೆ ಬರುತ್ತಿದ್ದ. “ಈ ಸಲನೂ ತಪ್ಪಿಸ್ಕಂಡೆ ಕಣೋ” ಎಂದು ಹೇಳಿ ಊಟ ಮಾಡಿಕೊಂಡು ಹೋಗುತ್ತಿದ್ದ. “ದ್ವೇಷ ಮಾಡೋ ಮನೇಲಿ ಎಲ್ಡ್ ಸಲ ಸಾರು ಆಕಿಸ್ಕತಾನಲ್ಲ” ಎಂದು ದೊಡ್ಡಮ್ಮ ಬಡಿಸುತ್ತಲೇ ಗೊಣಗುತ್ತಿದ್ದರು.

ಮೀಸೆ ಬೆಳ್ಳಗಾದ ಮೇಲೆ ದೊಡ್ಡಪ್ಪನಿಗೆ ಧಾರಾವಾಹಿಯ ಯಜಮಾನರ ಪಾತ್ರ ಸಿಕ್ಕಿತು. ಜೀವಮಾನದಲ್ಲಿ ಮೊದಲ ಸಲ ಒದೆ ಇಲ್ಲದ, ಮಾತು ಇರುವ ಪಾತ್ರ. ಸಂತೆಯಲ್ಲಿ ಹೆಂಗಸರು ಬಂದು, ದೊಡ್ಡ ಸೊಸೆಯನ್ನು ನಂಬಬೇಡಿ ಎಂದು ಎಚ್ಚರಿಸುತ್ತಿದ್ದರು. ಅಷ್ಟರಲ್ಲಿ ನಿರ್ದೇಶಕರು ಯಜಮಾನರನ್ನು ಸಾಯಿಸಲು ತೀರ್ಮಾನಿಸಿದರು. “ಚೆನ್ನಾಗಿ ಸತ್ತುಕೊಡಿ ಪೈಲ್ವಾನ್ರೇ, ಅವಳಿ ತಮ್ಮನ ಪಾತ್ರವೂ ನಿಮಗೇ. ಇಲ್ಲಾಂದ್ರೆ ಬೇರೆಯವರನ್ನ ಹಾಕ್ತೀವಿ. ಅವಳಿ ಅಂದ ಮಾತ್ರಕ್ಕೆ ಒಂದೇ ಥರ ಇರಬೇಕು ಅಂತೇನಿಲ್ಲ.”

ಚಿತ್ರೀಕರಣ ಇದೇ ನರಸೀಪುರದಲ್ಲಿ, ಹೊಳೆಯ ಬಳಿಯ ಹಳೆಯ ಮನೆಯೊಂದರಲ್ಲಿ. ನಾನೂ ಹೋಗಿದ್ದೆ. ಅಂಗಳದ ಮಣ್ಣು ನೋಡಿದ್ದೇ ದೊಡ್ಡಪ್ಪ ಮಲಗಲು ಒಪ್ಪಲಿಲ್ಲ. ಬೋರಲಾದರೆ ಸರಿ ಎಂದರು. “ಬೋರಲು ಬಿದ್ದ ಹೆಣ ಅಂದ್ರೆ ಕೊಲೆ ಅಂದ್ಕೋತಾರೆ. ನಾನು ಪೊಲೀಸ್ ಪಾತ್ರಗಳನ್ನ ಎಲ್ಲಿಂದ ತರಲಿ?” ಎಂದು ನಿರ್ದೇಶಕರು ತಲೆ ಹಿಡಿದುಕೊಂಡರು. ಕೊನೆಗೆ, ಇದು ಸೋಲಿನ ಲೆಕ್ಕಕ್ಕೆ ಬರುವುದಿಲ್ಲ ಎಂದು ಬಸಪ್ಪನಿಂದಲೇ ಹೇಳಿಸೋಣ ಎಂದಾಯಿತು. ಹುಡುಕಬೇಕಾಗಲಿಲ್ಲ. ನೋಡಲು ಸೇರಿದ್ದ ಜನರ ಮುಂದಿನ ಸಾಲಿನಲ್ಲೇ ಆತ ಹೆಗಲಿಗೆ ಟವೆಲ್ ಹಾಕಿಕೊಂಡು ಕೂತಿದ್ದ.

“ಕ್ಯಾಮ್ರಾ ಇರ್ಲಿ ಬುಡ್ಲಿ, ಬೆನ್ನು ಬೆನ್ನೇ ಸಾ” ಎಂದ.

ಆಗ ದೊಡ್ಡಪ್ಪನಿಗೆ ಹೊಳೆಯಿತು. “ನಮ್ಮಲ್ಲಿ ಸತ್ತೋರ್ನ ಮಲಗ್ಸಾಕಿಲ್ಲ ಸಾ, ಕೂರ್ಸ್ತೀವಿ. ಕೂತ್ಕಬುಡ್ತೀನಿ.”

ಅದು ಸುಳ್ಳಲ್ಲ. ನಮ್ಮ ಮನೆಯಲ್ಲೂ ಬಸಪ್ಪನ ಮನೆಯಲ್ಲೂ ತೀರಿಕೊಂಡವರನ್ನು ಕೂರಿಸಿಯೇ ಪೂಜೆ ಮಾಡಿ, ಕೂರಿಸಿಯೇ ಮಣ್ಣು ಮಾಡುತ್ತಾರೆ. ನಿರ್ದೇಶಕರಿಗೆ ಹೊಸದಾಗಿ ಕಂಡು ಖುಷಿಯಾಯಿತು. ದೊಡ್ಡಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದರು. ಹಣೆಗೆ ವಿಭೂತಿ ಬಳಿದರು. ಗಲ್ಲ ಸುತ್ತಿ ತಲೆಗೆ ಬಟ್ಟೆ ಕಟ್ಟಿದರು, ಹಾರ ಹಾಕಿದರು. ಅಲ್ಲಿಯವರೆಗೆ ನಗುತ್ತಿದ್ದ ನಾನು ನಗು ನಿಲ್ಲಿಸಿದೆ. ನನ್ನ ತಾತನನ್ನು ಕೂರಿಸಿದ್ದೂ ಹೀಗೇ. ಬುತ್ತಿ ತಂದಿದ್ದ ದೊಡ್ಡಮ್ಮ ಹೊಳೆಯ ಕಡೆಗೆ ತಿರುಗಿ ನಿಂತರು.

ಕ್ಯಾಮೆರಾ ಓಡತೊಡಗಿತು. ಸೊಸೆಯಂದಿರು ಅಳತೊಡಗಿದರು. ಬಸಪ್ಪ ಜನರ ನಡುವಿನಿಂದ ಎದ್ದು ನೇರ ಒಳಗೆ ನಡೆದ.

“ಏಳ್ಲಾ.”

ಹೆಣ ತುಟಿ ಅಲ್ಲಾಡಿಸದೆ ಹೇಳಿತು: “ಒಂಟೋಗ್ಲಾ, ಸತ್ತಿದ್ದೀನಿ.”

“ಅದ್ಕೇ ಯೋಳ್ತಿರಾದು, ಏಳು!” ಬಸಪ್ಪ ಗಲ್ಲದ ಬಟ್ಟೆ ಬಿಚ್ಚತೊಡಗಿದ. “ಇವ್ನ್ನ ಮಲಗ್ಸಿ ಸಾ. ಮಲಗಿದ್ರೆ ನಾಟ್ಕ ಅಂತ ಗೊತ್ತಾಯ್ತದೆ. ಇಂಗ್ ಕೂರ್ಸಿದ್ರೆ ನನ್ ಕೈಲಿ ನೋಡಕಾಗಕಿಲ್ಲ.”

ದೊಡ್ಡಪ್ಪ ಒಂದು ಕಣ್ಣು ತೆರೆದರು. “ಬೆನ್ನು?”

“ಲೆಕ್ಕಕ್ಕಿಲ್ಲ.”

“ಜನದ ಮುಂದೆ ಯೋಳು.”

“ಲೆಕ್ಕಕ್ಕಿಲ್ಲ ಕಣ್ರಪ್ಪೋ!” ಎಂದು ಬಸಪ್ಪ ಹೊಳೆಯಾಚೆಗೆ ಕೇಳುವಂತೆ ಕೂಗಿದ. ಆಮೇಲೆ ಹೆಗಲ ಮೇಲಿನ ಟವೆಲ್ಲನ್ನು ಮಣ್ಣಿನ ಮೇಲೆ ಹಾಸಿ, ಸುಕ್ಕು ಬಿಡಿಸಿದ.

ದೊಡ್ಡಪ್ಪ ಮೊಣಕೈ ಊರಿ, ಮೊದಲು ಒಂದು ಭುಜ, ತುಸು ತಡೆದು ಇನ್ನೊಂದು ಭುಜ, ಹಾಗೇ ಒರಗಿದರು. ಇಷ್ಟು ವರ್ಷ ಸಿನಿಮಾದಲ್ಲಿದ್ದು ಅವರು ಆಕಾಶ ನೋಡಿದ್ದು ಅದೇ ಮೊದಲಿರಬೇಕು. ಕ್ಯಾಮೆರಾ ಮತ್ತೆ ಓಡಿತು. ಆಗ ಪಕ್ಕದಲ್ಲಿ ನಿಂತಿದ್ದ ಬಸಪ್ಪ ತನ್ನಷ್ಟಕ್ಕೇ ಎಂಬಂತೆ, “ಆದ್ರೂ ಅವತ್ತು ಬೆಳಕಿದ್ದಿದ್ರೆ...” ಎಂದ. ಹೆಣ ನಕ್ಕುಬಿಟ್ಟಿತು. ಇನ್ನೊಮ್ಮೆ ತೆಗೆಯೋಣವೆಂದರೆ ಹೊತ್ತು ಮುಳುಗುತ್ತಿತ್ತು. ನಿರ್ದೇಶಕರು ಕೈಮುಗಿದು ಅದನ್ನೇ ಇಟ್ಟುಕೊಂಡರು.

ಅವಳಿ ತಮ್ಮನ ಪಾತ್ರ ಸಿಕ್ಕಿತು. ಬಸಪ್ಪ ಈಗಲೂ ನಂಜನಗೂಡಿಗೆ ಬರುತ್ತಾನೆ. ಸಿನಿಮಾದ ನೆಪವೂ ಈಗ ಬೇಕಿಲ್ಲ. ಊಟಕ್ಕೆ ಕೂತ ಕೂಡಲೇ ಇಬ್ಬರೂ ಆ ಹಳೆಯ ಕುಸ್ತಿ ತೆಗೆಯುತ್ತಾರೆ. ಅವತ್ತು ಮೇಲಿದ್ದವನು ನಾನು ಎಂದು ಇಬ್ಬರೂ ಹೇಳುತ್ತಾರೆ.

ಎಲ್ಲ ಲೆಕ್ಕವೂ ಮುಗಿದು ಕೆಳಗೆ ಗೆರೆ ಬೀಳಬೇಕು ಎನ್ನುವ ಜಾತಿಯವನು ನಾನು. ಈ ಒಂದನ್ನು ಮುಗಿಸುವ ಆತುರ ಈಗಿಲ್ಲ. ಆದರೂ ತಿಳಿಯುವ ಆಸೆ ಹೋಗಿಲ್ಲ. ಆ ಸಂಜೆ ಅಖಾಡದ ಬದಿಯಲ್ಲಿದ್ದವರು ಯಾರಾದರೂ ಇದ್ದರೆ, ಕತ್ತಲಾದಾಗ ಯಾರ ಭುಜ ಮಣ್ಣಿಗೆ ಹತ್ತಿರವಿತ್ತು ಎಂದು ಕಂಡಿದ್ದರೆ, ದಯವಿಟ್ಟು ನನಗೆ ಬರೆಯಿರಿ. ಆ ಇಬ್ಬರಿಗೆ ಮಾತ್ರ ಬರೆಯಬೇಡಿ.