ಮಾದಿಹಳ್ಳಿಯಲ್ಲಿ ಒಡೆದ ಅಕ್ಷರ

ಸಾವಿರಾರು ತೆಂಗಿನಕಾಯಿಗಳ ಕೆಳಗೆ ಮಲಗಿದ್ದೇನೆಂದು ನನಗೆ ಗೊತ್ತಾದದ್ದು ಅರಸೀಕೆರೆಗೆ ಬಂದ ಮರುದಿನ ಬೆಳಿಗ್ಗೆ. ಅಟ್ಟದ ಮೇಲೆ ಏನೋ ಗುಡುಗುಡು ಉರುಳಿತು. ಗಾಬರಿಯಾಗಿ ಕೋಣೆಯಿಂದ ಹೊರಗೆ ಬಂದರೆ ಮನೆಯೊಡತಿ ರುದ್ರಮ್ಮ ಏಣಿ ಇಳಿಯುತ್ತಿದ್ದರು.

"ಕಾಯಿ ಕಣಮ್ಮ. ವರ್ಷ ಅಲ್ಲೇ ಇರ್ತಾವೆ. ನೀರು ಇಂಗಿ ಒಳಗೇ ಕೊಬ್ಬರಿ ಆಗ್ಬೇಕು."

ಕುಮಟಾದ ನಮ್ಮ ಅಂಗಳದಲ್ಲಿ ಕಾಯಿ ಒಡೆದು ಬಿಸಿಲಿಗಿಟ್ಟರೆ ವಾರದೊಳಗೆ ಕೊಬ್ಬರಿ. ಇಲ್ಲಿ ಒಡೆಯದೆಯೇ ವರ್ಷ ಕಾಯುತ್ತಾರೆ.

ಸರ್ಕಾರಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಕೆಲಸ ನನ್ನನ್ನು ಇಲ್ಲಿಗೆ ತಂದಿತ್ತು. ಮನೆ ಕೊಡುವ ಮೊದಲು ರುದ್ರಮ್ಮ ಹೇಳಿದ್ದು ಒಂದೇ ಮಾತು: "ಮೀನು ಬೇಯ್ಸಂಗಿಲ್ಲ." ಒಪ್ಪಿಕೊಂಡಿದ್ದೆ. ಆದರೆ ಭಾನುವಾರ ಬಂದರೆ ಮನಸ್ಸು ಬಂಗಡೆ ಸಾರಿನ ಕಡೆಗೇ ಓಡುತ್ತಿತ್ತು. ಮುದ್ದೆಯನ್ನು ನಾನು ಅಗಿಯುವುದನ್ನು ಕಂಡು ಅವರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಆ ಒಂಟಿ ಭಾನುವಾರಗಳಲ್ಲಿ ಹುಟ್ಟಿದ್ದು 'ಬೆಳಕಿಂಡಿ'. ಕಂಪ್ಯೂಟರ್ ಪರದೆಯ ಮೇಲೆ ಕಾಣುವ ಕಿಟಕಿ, ಒತ್ತುವ ಗುಂಡಿ, ಬರೆಯುವ ಚೌಕ ಇವನ್ನೆಲ್ಲ ಪ್ರೋಗ್ರಾಂ ಬರೆಯುವವರು ಪ್ರತಿ ಸಲ ಹೊಸದಾಗಿ ಮಾಡಬೇಕಿಲ್ಲ. ಸಿದ್ಧವಾಗಿ ಕಟ್ಟಿಟ್ಟ ಗಂಟು ಸಿಗುತ್ತದೆ. ಅದಕ್ಕೆ ಲೈಬ್ರರಿ ಎನ್ನುತ್ತಾರೆ. ನನ್ನ ಲೈಬ್ರರಿ ಬೆಳಕಿಂಡಿ ಯಾವ ಬಗೆಯ ಕಂಪ್ಯೂಟರಿನಲ್ಲೂ, ಹಳೆಯದರಲ್ಲೂ ನಡೆಯಬೇಕು, ಯಾರು ಬೇಕಾದರೂ ಪುಕ್ಕಟೆ ಪಡೆದು ಬಿಚ್ಚಿ ನೋಡಿ ತಿದ್ದುವಂತಿರಬೇಕು ಎಂಬ ಹಟ ನನಗೆ.

ರುದ್ರಮ್ಮನ ಅಣ್ಣ ಸಿದ್ದಪ್ಪ ಮೇಷ್ಟ್ರು ನಿವೃತ್ತರಾಗಿ ಮಾದಿಹಳ್ಳಿಯಲ್ಲಿದ್ದರು. ಸುತ್ತಲಿನ ಹಳ್ಳಿಗಳ ಮಾತುಗಳಿಗೊಂದು ನಿಘಂಟು ಮಾಡಬೇಕೆಂದು ನೋಟುಪುಸ್ತಕಗಳ ಮೇಲೆ ನೋಟುಪುಸ್ತಕ ತುಂಬಿಸಿದ್ದರು. ಬೆಳಕಿಂಡಿಯನ್ನು ಬಳಸಿ ಅವರಿಗೊಂದು ನಿಘಂಟಿನ ಪ್ರೋಗ್ರಾಂ ಬರೆದು, ಬಸ್ಸಿನಲ್ಲಿ ಹೋಗಿ, ಅವರ ಹಳೆಯ ಕಂಪ್ಯೂಟರಿಗೆ ಹಾಕಿಕೊಟ್ಟೆ. ಮೇಷ್ಟ್ರು ಮೊದಲು ಹೊಡೆದದ್ದು ತಮ್ಮ ಊರಿನ ಹೆಸರು. 'ಮಾದಿಹಳ್ಳಿ'ಯ 'ಳ್ಳಿ' ಒಡೆದು, ಒತ್ತಕ್ಷರ ಪಕ್ಕಕ್ಕೆ ಬಿದ್ದಿತು.

"ಎಲ್ಲಾ ಕಂಪ್ಯೂಟರಲ್ಲೂ ನಡೀತೈತೆ ಅಂದ್ರಲ್ಲಮ್ಮ," ಮೇಷ್ಟ್ರು ಮೆಲ್ಲಗೆ ಕೇಳಿದರು, "ಕನ್ನಡದಲ್ಲಿ?"

ಕನ್ನಡದವಳಾದ ನಾನೇ ಇಂಗ್ಲಿಷ್ ಅಕ್ಷರಗಳಲ್ಲಿ ಮಾತ್ರ ಪರೀಕ್ಷೆ ಮಾಡಿ ಬೀಗಿದ್ದೆ. 'ಳ್ಳಿ' ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ನಾಲ್ಕು ತುಂಡು. ನನ್ನ ಬರೆಯುವ ಚೌಕ ಆ ತುಂಡುಗಳನ್ನು ಬಿಡಿಬಿಡಿಯಾಗಿ ಚಿತ್ರಿಸುತ್ತಿತ್ತು. ಕಣ್ಣು ಎಣಿಸುವಂತೆ ಎಣಿಸುವುದನ್ನು ಅದಕ್ಕೆ ಕಲಿಸಲು ಎರಡು ತಿಂಗಳು ಹಿಡಿಯಿತು. ಎರಡು ಸಲ ಕೈಬಿಟ್ಟೆ. ಪ್ರತಿ ಸಲವೂ ರುದ್ರಮ್ಮ, "ಅಣ್ಣ ಕೇಳ್ತಾ ಇದ್ದ," ಎಂದಷ್ಟೇ ಹೇಳಿ ಕಾಫಿ ಇಟ್ಟು ಹೋದರು.

ಮತ್ತೆ ಮಾದಿಹಳ್ಳಿಗೆ ಹೋದ ದಿನ ಮೇಷ್ಟ್ರು ಊರಿನ ಹೆಸರು ಹೊಡೆದರು, ಅಳಿಸಿದರು, ಮತ್ತೆ ಹೊಡೆದರು. 'ಳ್ಳಿ' ಇಡಿಯಾಗಿ ಬಂತು, ಇಡಿಯಾಗಿ ಹೋಯಿತು. ಆಮೇಲೆ ಅವರು ಊಟಕ್ಕೂ ಏಳಲಿಲ್ಲ. ತಟ್ಟೆಯಲ್ಲಿ ಮುದ್ದೆ ಆರುತ್ತಿತ್ತು. ಅವರು ಮೊದಲ ನೋಟುಪುಸ್ತಕದ ನಾಲ್ಕನೇ ಪುಟದಲ್ಲಿದ್ದರು.

ತಿದ್ದಿದ ಬೆಳಕಿಂಡಿಯನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುವಂತೆ ಹಾಕಿದೆ. ಕೆಲವು ವಾರಗಳ ನಂತರ ಬರ್ಮಾದಿಂದ ಅಪರಿಚಿತೆಯೊಬ್ಬಳ ಪತ್ರ ಬಂತು. ಅವರ ಲಿಪಿಯಲ್ಲೂ ಅಕ್ಷರದ ಕೆಳಗೆ ಅಕ್ಷರ ಕೂರುತ್ತದಂತೆ. ನನ್ನ ತಿದ್ದುಪಡಿಯಿಂದ ಅವಳ ಅಜ್ಜಿಯ ಹೆಸರು ಪರದೆಯ ಮೇಲೆ ಸರಿಯಾಗಿ ಮೂಡಿತಂತೆ. ಮೇಷ್ಟ್ರಿಗೆ ಓದಿ ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡರು.

"ನಮ್ಮೂರಿನ ಒತ್ತು ಅಷ್ಟು ದೂರ ಹೋಯ್ತಾ? ಮತ್ತೆ ಈ ಬೆಳಕಿಂಡೀಲಿ ಮಾಡಿದ ಊರು ಬರೀ ಕುಮಟಾ ಅಂತ ಐತಲ್ಲಮ್ಮ?"

ಅಂದೇ ತಿದ್ದಿದೆ. ಈಗ ಬೆಳಕಿಂಡಿಯ ಪರಿಚಯದ ಪುಟದಲ್ಲಿ 'ಅರಸೀಕೆರೆ, ಕುಮಟಾ' ಎಂದಿದೆ. ಅದನ್ನು ನೋಡಿದ ತಮ್ಮ ಕುಮಟಾದಿಂದ ಫೋನ್ ಮಾಡಿದ.

"ಎಂತ ಅಕ್ಕ, ನಮ್ಮ ಊರು ಆಮೇಲಾ?"

"ಅಕ್ಷರಮಾಲೆಯ ಕ್ರಮ ಕಣೋ. ಅ ಮೊದಲು, ಕ ಆಮೇಲೆ."

ಅತ್ತಲಿಂದ ಅವನು ನಗತೊಡಗಿದ. ನಮ್ಮ ಕಡೆ ತಮ್ಮನಿಗೆ 'ಮಾರಾಯ' ಎನ್ನುತ್ತೇವೆ; 'ಕಣೋ' ಎನ್ನುವವರು ಯಾರೂ ಇಲ್ಲ.