ಎರಿಬೆರ್ತೊ ತಂದ ಹಳದಿ ಗಂಡು

ಪೊನ್ಸೆ ಊರಿನ ಕೋಳಿ ಅಂಕದಲ್ಲಿ ಎರಿಬೆರ್ತೊ ಇಪ್ಪತ್ತಾರು ವರ್ಷ ಹುಂಜಗಳ ಕಾಲಿಗೆ ಕಾಳಗದ ಚೂಪು ಮುಳ್ಳು ಕಟ್ಟಿದವನು. ಒಂದು ಸಲ ಮುಳ್ಳು ಅವನ ಎಡ ಮುಂಗೈಗೇ ಹೊಕ್ಕು ಎರಡು ಬೆರಳು ಮಡಚದಂತಾದವು. ಆಗಲೂ ಬಿಡಲಿಲ್ಲ. ಬಿಟ್ಟದ್ದು, ಅವನೇ ಸಾಕಿದ ಹುಂಜವೊಂದು ಎರಡೂ ಕಣ್ಣು ಹೋದ ಮೇಲೂ ಗಾಳಿಗೆ ಒದೆಯುತ್ತಲೇ ಸತ್ತ ದಿನ. ಉಳಿದ ಹುಂಜಗಳನ್ನೆಲ್ಲ ಮಾರಿ, ಮುಂದಿನ ಕೋಣೆಯಲ್ಲಿ ದೊಡ್ಡ ಗಾಜಿನ ತೊಟ್ಟಿ ಇಟ್ಟ. ಉಪ್ಪುನೀರು, ಹವಳ, ಅದರ ನಡುವೆ ರಾಸ್ ಎಂಬ ಬಣ್ಣಬಣ್ಣದ ಮೀನುಗಳು.

"ಹುಂಜ ಸಾಕ್ದೋನು ಈಗ ಮೀನಿಗೆ ಜೋಗುಳ ಹಾಡ್ತಾನೆ," ಎಂದು ಬೀದಿಯವರೆಲ್ಲ ನಗುತ್ತಿದ್ದೆವು. ನಾನು ಪಕ್ಕದ ಮನೆಯವನು.

ರಾಸ್ ನೋಡಲು ಚಂದ, ಬುದ್ಧಿ ಮಾತ್ರ ಹುಂಜದ್ದೇ. ಒಂದು ಗಂಡಿರುವಲ್ಲಿ ಇನ್ನೊಂದನ್ನು ಬಿಟ್ಟರೆ ಹರಿದುಹಾಕುತ್ತದೆ. ಹಾಗಾಗಿ ಹೊಸದಾಗಿ ತಂದ ಹಳದಿ ಗಂಡನ್ನು ಎರಿಬೆರ್ತೊ ತೂತುಗಳಿದ್ದ ತೆಳು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ತೊಟ್ಟಿಯೊಳಗೇ ತೂಗುಬಿಟ್ಟಿದ್ದ. ದಿನಾ ನೋಡಿ ನೋಡಿ ಹಳೆಯ ಕೆಂಪು ಗಂಡಿನ ಸಿಟ್ಟು ಇಳಿಯಲಿ ಎಂದು.

ಮೂರನೆಯ ದಿನ, ಭಾನುವಾರ ಮಧ್ಯಾಹ್ನ, ಅವನ ಹೆಂಡತಿ ನೊಯೆಮಿಯ ತಮ್ಮ ಚಾಗೊ ಬಿಯರ್ ಹಿಡಿದು ಬಂದ. ನಾನೂ ಇದ್ದೆ. ಎರಿಬೆರ್ತೊ ಹಿತ್ತಲಲ್ಲಿ ಹಂದಿಮಾಂಸ ಸುಡುತ್ತಿದ್ದ. ಚಾಗೊ ತೊಟ್ಟಿಯ ಮೇಲಿನ ಬಲೆ ಸರಿಸಿ ಡಬ್ಬಿ ಮಗುಚಿದ.

"ಕೆಂಪಿನ ಮೇಲೆ ಒಂದ್ ಕೇಸ್ ಬಿಯರ್. ಏನಂತೀಯ?"

"ಹಳದಿ," ಎಂದೆ. ಈಗ ಹೇಳಲು ನಾಚಿಕೆಯಾಗುತ್ತದೆ.

ಕೆಂಪು ಗಂಡು ರೆಕ್ಕೆ ಬಿಚ್ಚಿ ನುಗ್ಗಿತು. ಮೊದಲು ಹಳದಿಯ ಬಾಲ ಹರಿಯಿತು, ಆಮೇಲೆ ಒಂದು ಕಣ್ಣು ಹೋಯಿತು. ಅಂಕದಲ್ಲಿ ಕೂಗುವ ಹಾಗೆಯೇ ಇಬ್ಬರೂ ಕೂಗಿದೆವು. ತಿರುಗಿದರೆ ಎರಿಬೆರ್ತೊ ಬಾಗಿಲಲ್ಲಿದ್ದ. ತಡೆಯಲು ಬರಲಿಲ್ಲ. ಅವನ ತುಟಿ ಅಲುಗುತ್ತಿತ್ತು.

"ಇನ್ನೊಂದ್ ಕಣ್ಣಿಗೆ ಹಾಕು... ಇನ್ನೊಂದಕ್ಕೆ."

ಹಳದಿ ಮೀನು ಬಲೆ ಸರಿಸಿದ್ದ ಸಂದಿಯಿಂದ ಜಿಗಿದು ನೆಲಕ್ಕೆ ಬಿತ್ತು. ಹಿಂದೆ ಸರಿದ ಚಾಗೊನ ಬೂಟಿನಡಿ ಅಪ್ಪಚ್ಚಿಯಾಯಿತು.

"ನೋಡ್ದ್ಯಾ ಭಾವ, ನಿನ್ ಬಾಯಿಂದ ಅಂಕದ ರುಚಿ ಇನ್ನೂ ಹೋಗಿಲ್ಲ," ಎಂದು ಚಾಗೊ ನಕ್ಕ.

ಎರಿಬೆರ್ತೊ ಹೊಡೆದ. ಒಂದೇ ಏಟಿಗೆ ಚಾಗೊನ ಎರಡು ಹಲ್ಲು ಉದುರಿದವು. ಚಾಗೊ ಬಾಟಲಿಯಿಂದ ಅವನ ಹಣೆ ಒಡೆದ. ಕಣ್ಣಿಗೆ ರಕ್ತ ಇಳಿಯುತ್ತಿದ್ದರೂ ಎರಿಬೆರ್ತೊ ಬಲಗೈಯಲ್ಲಿ ಅವನ ಕತ್ತು ಹಿಡಿದು ಗೋಡೆಗೆ ಒತ್ತಿದ. ಬಿಡಿಸಲು ಹೋದ ನನ್ನ ಪಕ್ಕೆಗೆ ಮೊಣಕೈ ಬಿತ್ತು. ಚಾಗೊನ ಮುಖ ನೀಲಿಗಟ್ಟಿತು. ಅಡುಗೆಮನೆಯಲ್ಲಿ ತೊಗರಿಕಾಳಿನ ಅನ್ನ ಮಗುಚುತ್ತಿದ್ದ ನೊಯೆಮಿ ಓಡಿಬಂದು ಬಿಸಿ ಸೌಟಿನಿಂದ ಗಂಡನ ಮಣಿಕಟ್ಟಿಗೆ ಬಾರಿಸಿದ ಮೇಲೆಯೇ ಹಿಡಿತ ಸಡಿಲಿದ್ದು.

"ಕೊಂದು ಜೈಲಿಗ್ ಹೋಗ್ತೀಯಾ? ನಾಲ್ಕು ಕಾಸಿನ್ ಮೀನಿಗೆ?"

"ಮೀನಿಗಲ್ಲ." ಎರಿಬೆರ್ತೊ ನೆಲದ ಮೇಲೆ ಕುಸಿದ. "ನಾನೂ ಕೂಗ್ತಿದ್ದೆ, ನೊಯೆಮಿ. ಅವ್ನು ಅದನ್ನ ಕೇಳಿಸ್ಕೊಂಬಿಟ್ಟ."

ಅವನ ಹಣೆಗೆ ಏಳು ಹೊಲಿಗೆ ಬಿದ್ದವು. ಎರಡು ವರ್ಷವಾಯಿತು, ಚಾಗೊ ಆ ಹೊಸಿಲು ದಾಟಿಲ್ಲ. ನೊಯೆಮಿಯೇ ಹೋಗಿ ತಮ್ಮನನ್ನು ನೋಡಿಕೊಂಡು ಬರುತ್ತಾಳೆ. ಎರಿಬೆರ್ತೊ ಮತ್ತೆ ಗಂಡು ಮೀನು ತರಲಿಲ್ಲ. ಬೆಳಿಗ್ಗೆ ತೊಟ್ಟಿಗೆ ಸಿಗಡಿಚೂರು ಹಾಕುತ್ತಾನೆ. ಅದಕ್ಕಾಗಿ ಮೀನುಗಳು ಒಂದರ ಮೇಲೊಂದು ಬಿದ್ದು ಕಿತ್ತಾಡುವಷ್ಟು ಹೊತ್ತು ಬೆನ್ನು ಹಾಕಿ ನಿಂತಿರುತ್ತಾನೆ.